ಈ ಅಂಗಿಯ ಹತ್ತಿ ಯಾವ ಊರಿನದು?

ಮುಂಬೈಯ ಲೋವರ್ ಪರೇಲ್‌ನ ಮಾಲ್‌ಗಳಲ್ಲಿ ಮಾರಾಟವಾಗುವ ಅಂಗಿಗಳ ಒಳಪಟ್ಟಿಯಲ್ಲಿ ಈಗೀಗ ಒಂದು ಕ್ಯೂಆರ್ ಕೋಡ್ ಇರುತ್ತದೆ. ಮೊಬೈಲ್ ಹಿಡಿದರೆ ಹಸಿರು ಹೊಲದ ಚಿತ್ರ ತೆರೆದುಕೊಳ್ಳುತ್ತದೆ, ‘ಸುಸ್ಥಿರ ಹತ್ತಿ’ ಎಂಬ ಮಾತು ಕಾಣುತ್ತದೆ, ಕೆಲವೊಮ್ಮೆ ಹೊಲಿದ ಕಾರ್ಖಾನೆಯ ಹೆಸರೂ ಇರುತ್ತದೆ. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಹಿರಿಯರೊಬ್ಬರು ಮೊಮ್ಮಗನಿಗೆಂದು ಕೊಂಡ ಟೀ ಶರ್ಟ್ ಹಿಡಿದು ಕೇಳಿದ್ದರು: “ಮಾರಾಯರೇ, ಇದರಲ್ಲಿ ಹತ್ತಿ ಬೆಳೆದವನ ಊರು ಸಿಗುತ್ತದೆಯೇ?”

ಸಾಮಾನ್ಯವಾಗಿ ಸಿಗುವುದಿಲ್ಲ. ಬಹುಪಾಲು ಬ್ರ್ಯಾಂಡ್‌ಗಳಿಗೂ ಅದು ಗೊತ್ತಿರುವುದಿಲ್ಲ. ಯಾರೋ ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂಬುದು ಇದಕ್ಕೆ ಪೂರ್ತಿ ಉತ್ತರವಾಗದು. ಬಟ್ಟೆ ತಯಾರಾಗುವ ಬಗೆಯಲ್ಲೇ ಆ ಊರಿನ ಹೆಸರು ಅಳಿಸಿಹೋಗುವ ನಾಲ್ಕಾರು ಜಾಗಗಳಿವೆ. ಒಂದು ರಫ್ತು ಕಚೇರಿಯ ಕಾಗದಪತ್ರ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಮೇಜಿನ ಮೇಲೆ ಆ ಜಾಗಗಳು ದಿನವೂ ಖಾಲಿ ಕಾಲಂಗಳಾಗಿ ಬಂದು ಕೂರುತ್ತವೆ.

ಒಂದು ವಸ್ತುವನ್ನು ಹಿಡಿದು ಹಿಂದಕ್ಕೆ ಹೋಗುತ್ತಾ, ಅದು ಹಾದುಬಂದ ಪ್ರತಿ ಕೈಯನ್ನೂ ದಾಖಲೆಯ ಸಮೇತ ತೋರಿಸಬಲ್ಲ ಶಕ್ತಿಯನ್ನು ಈ ಉದ್ಯಮದಲ್ಲಿ ಟ್ರೇಸಬಿಲಿಟಿ ಎನ್ನುತ್ತಾರೆ. ನಾನಿಲ್ಲಿ ಅದನ್ನು ಜಾಡು ಎಂದೇ ಕರೆಯುತ್ತೇನೆ. ಸುಸ್ಥಿರತೆ ಬೇರೆಯ ಸಂಗತಿ: ನೀರು, ಮಣ್ಣು, ಇಂಧನ, ಕೂಲಿ ಇವುಗಳನ್ನು ಮುಂದಿನವರಿಗೂ ಉಳಿಯುವ ಹಾಗೆ ಬಳಸುವುದು. ಬ್ರ್ಯಾಂಡ್‌ಗಳ ಪ್ರಕಟಣೆಗಳಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ಓದುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹೊಳೆಗೆ ವಿಷ ಬಿಡುವ ಬಣ್ಣದ ಘಟಕದವರೆಗೂ ಅಚ್ಚುಕಟ್ಟಾದ ಜಾಡು ಸಿಗಬಹುದು. ಜಾಡು ಸಿಕ್ಕಿತೆಂದು ಹೊಳೆ ತಿಳಿಯಾಗುವುದಿಲ್ಲ. ಆದರೆ ಜಾಡೇ ಇಲ್ಲದೆ ‘ನಮ್ಮ ಬಟ್ಟೆ ಪರಿಸರಸ್ನೇಹಿ’ ಎನ್ನುವವರ ಮಾತನ್ನು ಪರೀಕ್ಷಿಸಲು ದಾರಿಯೇ ಇಲ್ಲ. ಹೀಗಾಗಿ ಜಾಡು ಮೊದಲ ಕೆಲಸ. ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಎರಡನೆಯದು, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು.

ಗಿರಣಿಯ ಗೋಡೆ ಒಡೆದ ಮೇಲೆ

ಮುಂಬೈಗೆ ಒಂದು ಕಾಲದಲ್ಲಿ ಈ ತೊಡಕು ಇಷ್ಟಿರಲಿಲ್ಲ. 1854ರಲ್ಲಿ ಕಾವಸ್‌ಜಿ ದಾವರ್ ತಾಡದೇವ್‌ನಲ್ಲಿ ಗಿರಣಿ ಕಟ್ಟಲು ಕಂಪನಿ ಸ್ಥಾಪಿಸಿದ ಮೇಲೆ ಪರೇಲ್, ಲಾಲ್‌ಬಾಗ್, ವರ್ಲಿಯ ಸುತ್ತ ಗಿರಣಗಾಂವ್, ಅಂದರೆ ಗಿರಣಿಗಳ ಊರು, ಬೆಳೆಯಿತು. ಅಲ್ಲಿನ ದೊಡ್ಡ ಗಿರಣಿಗಳು ಸಂಯುಕ್ತ ಗಿರಣಿಗಳು. ಹತ್ತಿಯ ಬೇಲ್ ಒಂದು ಗೇಟಿನಿಂದ ಒಳಗೆ ಬಂದರೆ, ನೂತು, ನೇಯ್ದು, ಬಿಳುಪು ಮಾಡಿ, ಬಣ್ಣ ಹಾಕಿದ ಬಟ್ಟೆ ಇನ್ನೊಂದು ಗೇಟಿನಿಂದ ಹೊರಗೆ ಹೋಗುತ್ತಿತ್ತು. ಹಾರ್ಬರ್ ಮಾರ್ಗದ ಕಾಟನ್ ಗ್ರೀನ್ ನಿಲ್ದಾಣಕ್ಕೆ ಆ ಹೆಸರು ಬಂದದ್ದೇ ಹತ್ತಿಯ ವ್ಯಾಪಾರದಿಂದ. ಥಾನಿನ ತುದಿಯಲ್ಲಿ ಗಿರಣಿಯ ಹೆಸರಿನ ಮುದ್ರೆ ಇರುತ್ತಿತ್ತು. ಬಟ್ಟೆಯಲ್ಲಿ ದೋಷವಿದ್ದರೆ ಯಾರನ್ನು ಕೇಳಬೇಕು ಎಂಬುದು ಕೊಂಡವರಿಗೂ ಗೊತ್ತಿತ್ತು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಶುರುವಾಯಿತು. ಗಿರಣಿಗಳು ಸೊರಗಲು ಅದೊಂದೇ ಕಾರಣವಲ್ಲ. ಭಿವಂಡಿಯ ವಿದ್ಯುತ್ ಮಗ್ಗಗಳು ಅದಕ್ಕೂ ಮೊದಲೇ ಅಗ್ಗದ ಬಟ್ಟೆ ನೇಯುತ್ತಿದ್ದವು. ಆದರೆ ಆ ನಂತರ ಗಿರಣಿಯೊಳಗಿನ ಕೆಲಸಗಳು ಒಂದೊಂದಾಗಿ ಬೇರೆ ಬೇರೆ ಊರು ಸೇರಿದವು. ಇಂದು ನೇಯ್ಗೆ ಭಿವಂಡಿ, ಇಚಲಕರಂಜಿ, ಮಾಲೇಗಾಂವ್‌ನಲ್ಲಿ. ನೂಲು ಹೆಚ್ಚಾಗಿ ತಮಿಳುನಾಡು ಮತ್ತು ಗುಜರಾತಿನಿಂದ. ಹೊಲಿಗೆ ಬೆಂಗಳೂರು, ತಿರುಪ್ಪೂರ್‌ನಲ್ಲಿ. ಒಂದೇ ಕಾಂಪೌಂಡಿನ ಒಂದು ರಿಜಿಸ್ಟರ್ ಹತ್ತು ಊರುಗಳ ಹತ್ತು ಮಾಲೀಕರ ಲೆಕ್ಕಪುಸ್ತಕಗಳಾಗಿ ಚದುರಿತು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಾಣುವುದಿಲ್ಲ. ನಾವು ಇಂದು ಹುಡುಕುತ್ತಿರುವ ಜಾಡು ಕಳೆದುಹೋದದ್ದು ಇಲ್ಲಿ.

ಬ್ರ್ಯಾಂಡ್‌ಗಳು ಈ ಸರಪಳಿಯನ್ನು ತಮ್ಮ ಕಡೆಯಿಂದ ಎಣಿಸುತ್ತವೆ. ಹೊಲಿಯುವ ಕಾರ್ಖಾನೆ ಮೊದಲ ಹಂತ, ಬಟ್ಟೆ ಮತ್ತು ಬಣ್ಣ ಎರಡನೆಯದು, ನೂಲು ಮೂರನೆಯದು, ಹೊಲ ಕೊನೆಯದು. ಬಿಲ್ ಪಾವತಿ ಮಾಡುವುದು ಮೊದಲ ಹಂತಕ್ಕೆ, ಆದ್ದರಿಂದ ಚೆನ್ನಾಗಿ ಗೊತ್ತಿರುವುದೂ ಅದೊಂದೇ. ಹೊಲಿಗೆಯಲ್ಲಿ ಖರ್ಚಾಗುವ ನೀರು ತೀರಾ ಕಡಿಮೆ. ನೀರು, ರಾಸಾಯನಿಕ, ಕಲ್ಲಿದ್ದಲು ಹೋಗುವುದು ಬಣ್ಣ ಹಾಕುವಲ್ಲಿ, ನೂಲುವಲ್ಲಿ. ಕೀಟನಾಶಕ ಹೋಗುವುದು ಹೊಲದಲ್ಲಿ. ಪರಿಸರದ ಭಾರ ಎಲ್ಲಿ ಹೆಚ್ಚೋ ಅಲ್ಲಿ ಬ್ರ್ಯಾಂಡಿನ ಕಣ್ಣು ಮಂಜು. ಹಾಗೆಂದು ಮೊದಲ ಹಂತವಾದರೂ ಪೂರ್ತಿ ಗೊತ್ತಿತ್ತೇ? 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತಾಗ, ಅಲ್ಲಿ ಯಾರ ಬಟ್ಟೆ ಹೊಲಿಯಲಾಗುತ್ತಿತ್ತು ಎಂದು ತಿಳಿಯಲು ಅವಶೇಷಗಳ ನಡುವೆ ಲೇಬಲ್ ಹೆಕ್ಕಬೇಕಾಯಿತು. ಕೆಲಸ ಉಪಗುತ್ತಿಗೆಯ ಮೂಲಕ ಅಲ್ಲಿಗೆ ಹೋಗಿತ್ತೆಂಬುದು ಕೆಲವು ಕಂಪನಿಗಳಿಗೇ ತಿಳಿದಿರಲಿಲ್ಲ.

ಬೆರೆಸುವುದೇ ಕಸುಬು

ಹತ್ತಿಯ ವಿಷಯಕ್ಕೆ ಬರೋಣ, ಏಕೆಂದರೆ ಗಂಟು ಬಿಗಿಯಾಗಿರುವುದು ಇಲ್ಲಿ. ರಾಯಚೂರಿನ ಮಾರುಕಟ್ಟೆಗೆ ರೈತ ತರುವುದು ಕೆಲವು ಕ್ವಿಂಟಲ್ ಬಿಡಿಸಿದ ಹತ್ತಿ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಅದು ಹತ್ತಾರು ಹಳ್ಳಿಗಳ ಹತ್ತಿಯ ಜೊತೆ ಒಂದೇ ರಾಶಿಯಾಗುತ್ತದೆ. ಜಿನ್ ಯಂತ್ರ ಬೀಜ ಮತ್ತು ಅರಳೆಯನ್ನು ಬೇರ್ಪಡಿಸುತ್ತದೆ. ನೂರು ಕೆಜಿ ಹತ್ತಿಯಿಂದ ಸಿಗುವ ಅರಳೆ ಸುಮಾರು 34 ಕೆಜಿ; ಉಳಿದದ್ದು ಬಹುತೇಕ ಬೀಜ, ಅದು ಎಣ್ಣೆ ಗಾಣಕ್ಕೆ ಹೋಗುತ್ತದೆ. ಅರಳೆಯನ್ನು ಒತ್ತಿ ಕಟ್ಟಿದರೆ 170 ಕೆಜಿಯ ಒಂದು ಬೇಲ್. ಅಂದರೆ ಒಂದು ಬೇಲ್‌ಗೆ ಐದು ಕ್ವಿಂಟಲ್ ಹತ್ತಿ ಬೇಕು. ಭಾರತದ ಸರಾಸರಿ ಇಳುವರಿಯಲ್ಲಿ ಅದು ಹತ್ತಿರ ಹತ್ತಿರ ಒಂದು ಎಕರೆಯ ಬೆಳೆ. ಆದರೆ ಯಾವ ಬೇಲ್‌ನಲ್ಲೂ ಒಂದೇ ಎಕರೆಯ ಹತ್ತಿ ಇರುವುದಿಲ್ಲ.

ಬೇಲ್ ನೂಲಿನ ಗಿರಣಿಗೆ ಹೋದ ಮೇಲೆ ಮತ್ತೊಂದು ಬೆರಕೆ. ಅಲ್ಲಿ ಹತ್ತಾರು ಬೇಲ್‌ಗಳನ್ನು ಸಾಲಾಗಿ ಬಿಚ್ಚಿಟ್ಟು ಪ್ರತಿಯೊಂದರಿಂದ ಸ್ವಲ್ಪ ಸ್ವಲ್ಪ ಎತ್ತಿ ಬೆರೆಸುತ್ತಾರೆ. ಎಳೆಯ ಉದ್ದ, ಸಣ್ಣತನ, ಬಲ ಪ್ರತಿ ಬೇಲ್‌ನಲ್ಲೂ ಬೇರೆ. ಬೆರೆಸದೆ ನೂತರೆ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು ಆಗುತ್ತದೆ, ಬಣ್ಣ ಹಾಕಿದಾಗ ಪಟ್ಟೆ ಬೀಳುತ್ತದೆ. ಮಾಟುಂಗಾದಲ್ಲಿ 1924ರಿಂದ ಇರುವ, ಇಂದು ಸಿರ್ಕಾಟ್ ಎಂದು ಕರೆಯಲಾಗುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಎಳೆಯ ಗುಣವನ್ನು ಅಳೆಯುವ ಕೆಲಸಕ್ಕೆ ಹೆಸರಾದದ್ದು. ಆ ಅಳತೆಗಳ ಉಪಯೋಗಗಳಲ್ಲೊಂದು ಯಾವುದನ್ನು ಯಾವುದರ ಜೊತೆ ಬೆರೆಸಬಹುದು ಎಂದು ತಿಳಿಯುವುದು. ಹೀಗೆ ಬೆರೆಸುವುದು ಮೋಸವಲ್ಲ, ಒಳ್ಳೆಯ ನೂಲುಗಾರನ ಜಾಣ್ಮೆ. ರಾಯಚೂರು, ಯವತ್ಮಾಳ, ರಾಜಕೋಟದ ಹತ್ತಿ ಒಂದೇ ಎಳೆಯಲ್ಲಿ ಸೇರಿದ ಮೇಲೆ ಅದು ಯಾವ ಊರಿನದು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಇರುವುದಿಲ್ಲ. ಜಾಡು ಹಿಡಿಯಬೇಕೆನ್ನುವವರು ಈ ಜಾಣ್ಮೆಗೆ ವಿರುದ್ಧವಾಗಿ ಹೋಗಬೇಕು: ಬೇರೆ ರಾಶಿ, ಬೇರೆ ಗೋದಾಮು, ಯಂತ್ರ ನಿಲ್ಲಿಸಿ ಸ್ವಚ್ಛ ಮಾಡಿ ಮತ್ತೆ ಓಡಿಸುವುದು. ಪ್ರತಿಯೊಂದಕ್ಕೂ ಹಣ ಬೇಕು.

ಇದನ್ನು ತಪ್ಪಿಸಲು ಉದ್ಯಮ ಕಂಡುಕೊಂಡ ಉಪಾಯಕ್ಕೆ ಮಾಸ್ ಬ್ಯಾಲೆನ್ಸ್ ಎಂದು ಹೆಸರು. ನಮ್ಮ ಹಳ್ಳಿಗಳ ಹಾಲಿನ ಡೇರಿಯನ್ನು ನೆನಪಿಸಿಕೊಳ್ಳಿ. ಎಲ್ಲರ ಮನೆಯ ಹಾಲೂ ಒಂದೇ ಟ್ಯಾಂಕಿಗೆ ಬೀಳುತ್ತದೆ. ಯಾರು ಎಷ್ಟು ಲೀಟರ್ ಹಾಕಿದರು ಎಂಬುದು ಮಾತ್ರ ಪುಸ್ತಕದಲ್ಲಿರುತ್ತದೆ. ಅದೇ ರೀತಿ ಒಂದು ನೂಲಿನ ಗಿರಣಿ ನೂರು ಟನ್ ‘ಉತ್ತಮ ರೀತಿಯಲ್ಲಿ ಬೆಳೆದ’ ಹತ್ತಿ ಕೊಂಡಿದ್ದರೆ, ಅದಕ್ಕೆ ತಕ್ಕ ತೂಕದ ನೂಲನ್ನು ಆ ಹೆಸರಿನಲ್ಲಿ ಮಾರಬಹುದು. ನಿಮ್ಮ ಕೈಯಲ್ಲಿರುವ ಅಂಗಿಯಲ್ಲಿ ಆ ಹತ್ತಿಯ ಒಂದು ಎಳೆಯೂ ಇಲ್ಲದಿರಬಹುದು. ಲೆಕ್ಕ ಸರಿಯಿದ್ದರೆ ಸಾಕು. ಬೆಟರ್ ಕಾಟನ್ ಎಂಬ ಜಾಗತಿಕ ಯೋಜನೆ ಬಹುಕಾಲ ನಡೆದದ್ದು ಈ ಲೆಕ್ಕದ ಮೇಲೆ. 2023ರ ನವೆಂಬರಿನಲ್ಲಿ ಅದು ನಿಜವಾದ ಹತ್ತಿಯನ್ನೇ ಹಿಂಬಾಲಿಸುವ ಆಯ್ಕೆಯನ್ನೂ ತಂದಿತು. ಆಗಲೂ ಖರೀದಿದಾರನಿಗೆ ತಿಳಿಯುತ್ತಿದ್ದದ್ದು ಬೆಳೆದ ದೇಶ, ಹೊಲವಲ್ಲ. ಮಾಸ್ ಬ್ಯಾಲೆನ್ಸ್ ತಪ್ಪು ಎಂದು ನಾನು ಹೇಳುವುದಿಲ್ಲ. ಸಣ್ಣ ಹಿಡುವಳಿಯ ರೈತರನ್ನು ದೊಡ್ಡ ಸಂಖ್ಯೆಯಲ್ಲಿ ಒಳಗೆ ತರಲು ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಆದರೆ ಆ ಲೆಕ್ಕದ ಮೇಲೆ ಮಾರುವ ಅಂಗಿಗೆ ಹೊಲದ ಚಿತ್ರ ಅಂಟಿಸುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂದು ಖಂಡಿತ ಹೇಳುತ್ತೇನೆ.

ಕಾಗದ, ಕೋಡ್, ಪ್ರಯೋಗಾಲಯ

ಸಾವಯವ ಹತ್ತಿಯಲ್ಲಿ ನಿಯಮ ಇದಕ್ಕಿಂತ ಕಠಿಣ. ಹತ್ತಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲೆಲ್ಲ ತೂಕ ನಮೂದಿಸಿದ ಒಂದು ವಹಿವಾಟು ಪ್ರಮಾಣಪತ್ರ ಜೊತೆಗೆ ಹೋಗಬೇಕು. ಆದರೆ ಕಾಗದಕ್ಕೂ ನಕಲು ಉಂಟು. 2020ರ ಅಕ್ಟೋಬರಿನಲ್ಲಿ ಗಾಟ್ಸ್ ಎಂಬ ಸಾವಯವ ಜವಳಿ ಮಾನದಂಡದ ಸಂಸ್ಥೆ ಭಾರತದಲ್ಲಿ ಸುಮಾರು 20,000 ಟನ್ ಹತ್ತಿಗೆ ಸಂಬಂಧಿಸಿದ ವಂಚನೆಯನ್ನು ಬಯಲಿಗೆಳೆಯಿತು. ಪ್ರಮಾಣಪತ್ರಗಳಷ್ಟೇ ಅಲ್ಲ, ಅವುಗಳ ಮೇಲಿನ ಕ್ಯೂಆರ್ ಕೋಡ್ ತೆರೆಯುತ್ತಿದ್ದ ಜಾಲತಾಣವೂ ನಕಲಿಯಾಗಿತ್ತು.

ಅದಕ್ಕೆ ನಾಲ್ಕು ವರ್ಷ ಮೊದಲು, 2016ರ ಆಗಸ್ಟಿನಲ್ಲಿ, ಮುಂಬೈಯ ಷೇರುಪೇಟೆಯನ್ನೇ ಅಲುಗಿಸಿದ ಪ್ರಕರಣವೊಂದು ನಡೆಯಿತು. ಈಜಿಪ್ಟಿನ ಹತ್ತಿಯದೆಂದು ಮಾರಿದ ಸುಮಾರು ಏಳೂವರೆ ಲಕ್ಷ ಹಾಸಿಗೆ ಹೊದಿಕೆ ಮತ್ತು ದಿಂಬಿನ ಚೀಲಗಳಲ್ಲಿ ಬೇರೆ ಹತ್ತಿ ಬಳಕೆಯಾಗಿದೆ ಎಂದು ಅಮೆರಿಕದ ಟಾರ್ಗೆಟ್ ಕಂಪನಿ ಅವನ್ನು ಪೂರೈಸಿದ್ದ ವೆಲ್‌ಸ್ಪನ್ ಇಂಡಿಯಾದೊಂದಿಗಿನ ವ್ಯವಹಾರ ನಿಲ್ಲಿಸಿತು. ವೆಲ್‌ಸ್ಪನ್ ನಂತರ ಹತ್ತಿಯನ್ನು ಹಂತಹಂತವಾಗಿ ಹಿಂಬಾಲಿಸುವ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿತು. ರಫ್ತು ಕಚೇರಿಗಳಲ್ಲಿ ಹೊಲದವರೆಗಿನ ಕಾಗದ ಕೇಳುವ ಪದ್ಧತಿ ಬಿಗಿಯಾಗಲು ಈ ಪ್ರಕರಣವೂ ಒಂದು ಕಾರಣ.

ಇಂಥ ವಂಚನೆಯನ್ನು ಹಿಡಿಯಲು ನನಗೆ ಅತ್ಯಂತ ನೆಚ್ಚಿನ ಉಪಕರಣ ಸರಳ ಗಣಿತ. ಸಾವಿರ ಎಕರೆಯ ರೈತಗುಂಪು ಮೂರು ಸಾವಿರ ಬೇಲ್ ಮಾರಿದ್ದೇನೆ ಎಂದರೆ ಅಲ್ಲೇ ನಿಲ್ಲಬೇಕು. ಒಂದು ಬೇಲ್ ನೂಲಾಗಿ ಬಟ್ಟೆಯಾಗಿ ಕತ್ತರಿಸುವಷ್ಟರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋರಿಹೋಗುತ್ತದೆ, ಉಳಿದದ್ದರಲ್ಲಿ ಆರು ನೂರರ ಆಸುಪಾಸಿನ ಟೀ ಶರ್ಟ್ ಆಗಬಹುದು. ಸಾವಿರ ಎಂದು ಬರೆದಿದ್ದರೆ ಎಲ್ಲಿಂದಲೋ ಬೇರೆ ಹತ್ತಿ ಸೇರಿದೆ. ಒಳಗೆ ಬಂದ ತೂಕ, ಹೊರಗೆ ಹೋದ ತೂಕ, ನಡುವಿನ ಸಹಜ ನಷ್ಟ, ಇಷ್ಟನ್ನು ಪ್ರತಿ ಹಂತದಲ್ಲೂ ತಾಳೆ ನೋಡಿದರೆ ದೊಡ್ಡ ಸುಳ್ಳುಗಳು ಬಚ್ಚಿಟ್ಟುಕೊಳ್ಳಲಾರವು.

ಬ್ಲಾಕ್‌ಚೈನ್ ಬಗ್ಗೆ ಜನರಿಗೆ ಇರುವ ಭರವಸೆ ಅದರ ಶಕ್ತಿಗಿಂತ ದೊಡ್ಡದು. ಒಮ್ಮೆ ಬರೆದ ನಮೂದನ್ನು ಯಾರೂ ಗುಟ್ಟಾಗಿ ತಿದ್ದದಂತೆ ಹಲವರ ಬಳಿ ಪ್ರತಿ ಇಡುವ ಲೆಕ್ಕಪುಸ್ತಕ ಅದು. ತಿದ್ದುವುದನ್ನು ತಡೆಯುತ್ತದೆ, ಮೊದಲು ಬರೆದದ್ದೇ ಸುಳ್ಳಾದರೆ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಕೇಂದ್ರ ಜವಳಿ ಸಚಿವಾಲಯ, ಭಾರತೀಯ ಹತ್ತಿ ನಿಗಮ ಮತ್ತು ಮುಂಬೈಯ ಹತ್ತಿ ಜವಳಿ ರಫ್ತು ಉತ್ತೇಜನಾ ಮಂಡಳಿಯಾದ ಟೆಕ್ಸ್‌ಪ್ರೊಸಿಲ್ ಸೇರಿ ನಡೆಸುವ ‘ಕಸ್ತೂರಿ ಕಾಟನ್ ಭಾರತ್’ ಯೋಜನೆಯಲ್ಲಿ ಪ್ರತಿ ಬೇಲ್‌ಗೂ ಕ್ಯೂಆರ್ ಕೋಡ್ ಹಾಕಿ ಬ್ಲಾಕ್‌ಚೈನ್‌ನಲ್ಲಿ ದಾಖಲಿಸುತ್ತಾರೆ. ಒಳ್ಳೆಯ ಆರಂಭ. ಆದರೆ ಆ ಕೋಡ್ ಹುಟ್ಟುವುದು ಜಿನ್ನಿಂಗ್ ಮಿಲ್ಲಿನಲ್ಲಿ, ಹತ್ತಿ ರಾಶಿಯಾದ ಮೇಲೆ.

ಪ್ರಯೋಗಾಲಯದ ದಾರಿ ಬೇರೆ. ಒಂದು ಪ್ರದೇಶದ ಮಣ್ಣು, ಮಳೆ, ಎತ್ತರಗಳು ಅಲ್ಲಿ ಬೆಳೆದ ಹತ್ತಿಯಲ್ಲಿ ಕೆಲವು ಮೂಲಧಾತುಗಳ ಮತ್ತು ಐಸೋಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣವಾಗಿ ಉಳಿಯುತ್ತವೆ. ಮೊದಲೇ ಸಂಗ್ರಹಿಸಿದ ಮಾದರಿಗಳೊಂದಿಗೆ ಹೋಲಿಸಿ, ಈ ಎಳೆ ಹೇಳಿದ ಪ್ರದೇಶದ್ದೇ ಎಂದು ನೋಡಬಹುದು. ಇನ್ನು ಕೆಲವರು ಜಿನ್ನಿಂಗ್ ಸಮಯದಲ್ಲೇ ಗುರುತಿನ ಡಿಎನ್‌ಎ ಸಿಂಪಡಿಸಿ ಮುಂದೆ ಬಟ್ಟೆಯಲ್ಲಿ ಅದನ್ನು ಹುಡುಕುತ್ತಾರೆ. ಕಾಗದ ಹೇಳಿದ್ದನ್ನು ಬಟ್ಟೆಯನ್ನೇ ಕೇಳಿ ನೋಡುವ ಪರೀಕ್ಷೆಗಳಿವು. ಮೂರು ನಾಲ್ಕು ಪ್ರದೇಶಗಳ ಹತ್ತಿ ಬೆರೆತ ನೂಲಿನಲ್ಲಿ ಮಾತ್ರ ಐಸೋಟೋಪ್ ಪರೀಕ್ಷೆ ತಡವರಿಸುತ್ತದೆ.

ಕುಸನೂರಿನವರು ಹಿಡಿದ ಜಾಡು

ಜಾಡಿನ ಮಾತು ಬಂದಾಗಲೆಲ್ಲ ಸಾಫ್ಟ್‌ವೇರ್ ಕಂಪನಿಗಳ ಹೆಸರು ಕೇಳಿ ಬರುತ್ತದೆ. ನನಗೆ ನೆನಪಾಗುವುದು ಇಂದಿನ ಹಾವೇರಿ ಜಿಲ್ಲೆಯ ಕುಸನೂರು.

ಅಂಗಡಿಯಲ್ಲಿ ವಿಸ್ಕೋಸ್ ಅಥವಾ ರೇಯಾನ್ ಎಂದು ಬರೆದ, ಮುಟ್ಟಿದರೆ ರೇಷ್ಮೆಯಂತೆ ಜಾರುವ ಬಟ್ಟೆ ಮರದಿಂದ ಬರುತ್ತದೆ. ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ, ಸಣ್ಣ ರಂಧ್ರಗಳಿಂದ ಆಮ್ಲದೊಳಗೆ ಹಾಯಿಸಿ ಎಳೆ ತೆಗೆಯುತ್ತಾರೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಬಿರ್ಲಾ ಸಮೂಹದ ಇಂಥ ಕಾರ್ಖಾನೆ ಇದೆ. 1984ರಲ್ಲಿ ಅದಕ್ಕೆ ಮರ ಒದಗಿಸಲೆಂದು ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ನೀಲಗಿರಿ ಮತ್ತಿತರ ಮರ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿ ಅದಕ್ಕೆ ಮೀಸಲಾಯಿತು. ಕಾಗದದಲ್ಲಿ ಅದು ಬಂಜರು ಭೂಮಿ. ಹಳ್ಳಿಯವರಿಗೆ ಅದು ದನ ಮೇಯುವ, ಸೌದೆ, ಮೇವು, ಗೊಬ್ಬರದ ಸೊಪ್ಪು ಸಿಗುವ ಗೋಮಾಳ.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಯವರನ್ನು ಸಂಘಟಿಸಿತು. ಶಿವರಾಮ ಕಾರಂತರು ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ಜನ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಈ ಹೋರಾಟವನ್ನು ಸಾಮಾನ್ಯವಾಗಿ ಅರಣ್ಯದ ಚರಿತ್ರೆಯಲ್ಲಿ ಓದುತ್ತೇವೆ. ನಾನು ಅದನ್ನು ಫ್ಯಾಷನ್ನಿನ ಚರಿತ್ರೆಯಾಗಿಯೂ ಓದುತ್ತೇನೆ. ತಮ್ಮೂರಿನ ಗೋಮಾಳದಿಂದ ತಿರುಳಿನ ಕಾರ್ಖಾನೆಗೆ, ಅಲ್ಲಿಂದ ಪೇಟೆಯ ರೇಯಾನ್ ಬಟ್ಟೆಗೆ ಹೋಗುವ ದಾರಿಯನ್ನು ಅವರು ಹೊಲದ ಕಡೆಯಿಂದ ಗುರುತಿಸಿದ್ದರು. ಇಂದು ಅದೇ ಬಿರ್ಲಾ ಸಮೂಹದ ಗ್ರಾಸಿಮ್ ಕಂಪನಿಯ ಬಿರ್ಲಾ ಸೆಲ್ಯುಲೋಸ್ ಎಳೆಯನ್ನು ಕಾಡಿನವರೆಗೆ ತೋರಿಸುವ ‘ಗ್ರೀನ್‌ಟ್ರ್ಯಾಕ್’ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಹೊಂದಿದೆ. ಅದರಿಂದ ಕಾಡು ಎಲ್ಲಿಯದು ಎಂಬುದು ಕೊಳ್ಳುವವರಿಗೆ ತಿಳಿಯುವುದು ಸ್ವಾಗತಾರ್ಹ. ಆದರೆ ಕುಸನೂರಿನವರು ಕೇಳಿದ್ದು ಬೇರೆ ಪ್ರಶ್ನೆ: ಈ ಭೂಮಿ ಮೊದಲು ಯಾರ ಉಪಯೋಗಕ್ಕಿತ್ತು, ಅವರನ್ನು ಕೇಳಿದಿರಾ? ನಾನು ನೋಡಿರುವ ಯಾವ ಕ್ಯೂಆರ್ ಪುಟದಲ್ಲೂ ಆ ಕಾಲಂ ಇಲ್ಲ.

ಜಾಡು ಕೆಳಗಿನಿಂದ ಮೇಲಕ್ಕೂ ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣ ಸಾಕ್ಷಿ. 2020ರ ಜೂನ್‌ನಲ್ಲಿ ಅಲ್ಲಿನ ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕವೊಂದು 1,200ಕ್ಕೂ ಹೆಚ್ಚು ಕಾರ್ಮಿಕರನ್ನು ತೆಗೆದಾಗ, ಅಲ್ಲಿ ಹೊಲಿಯುತ್ತಿದ್ದ ಬಟ್ಟೆ ಸ್ವೀಡನ್ನಿನ ಬ್ರ್ಯಾಂಡ್ ಎಚ್ ಆ್ಯಂಡ್ ಎಮ್‌ಗೆ ಹೋಗುತ್ತಿದೆ ಎಂಬುದು ಗುಟ್ಟಾಗಿರಲಿಲ್ಲ. ಆ ಕಂಪನಿ 2013ರಿಂದಲೇ ತನ್ನ ಪೂರೈಕೆದಾರರ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಹೀಗಾಗಿ ಕಾರ್ಮಿಕ ಸಂಘ ನೇರವಾಗಿ ಬ್ರ್ಯಾಂಡಿನ ಬಾಗಿಲು ತಟ್ಟಲು ಸಾಧ್ಯವಾಯಿತು. ತಿಂಗಳುಗಳ ಧರಣಿ, ಮಾತುಕತೆಯ ನಂತರ ಮರುನೇಮಕದ ಒಪ್ಪಂದವಾಯಿತು. ಆ ಪಟ್ಟಿ ತಾನಾಗಿ ಯಾರಿಗೂ ಕೆಲಸ ಕೊಡಿಸಲಿಲ್ಲ. ಹೋರಾಟಕ್ಕೆ ವಿಳಾಸ ಕೊಟ್ಟಿತು.

ಮುಂಬೈಯ ಕಸೂತಿ ಕೋಣೆಗಳಿಗೆ ಅಂಥ ವಿಳಾಸ ಇನ್ನೂ ಇಲ್ಲ. ಯುರೋಪಿನ ದುಬಾರಿ ಉಡುಪುಗಳ ಮೇಲಿನ ಮಣಿ, ಜರಿ ಕೆಲಸದ ಬಹಳಷ್ಟು ಪಾಲು ಈ ನಗರದ ಇಕ್ಕಟ್ಟಾದ ಮಾಳಿಗೆಗಳಲ್ಲಿ ನಡೆಯುತ್ತದೆ. ಕೆರಿಂಗ್, ಎಲ್‌ವಿಎಂಎಚ್‌ನಂಥ ಫ್ಯಾಷನ್ ಸಮೂಹಗಳು 2016ರಲ್ಲಿ ಇಲ್ಲಿನ ಕುಶಲಕರ್ಮಿಗಳಿಗಾಗಿ ‘ಉತ್ಥಾನ್’ ಎಂಬ ಒಪ್ಪಂದ ಮಾಡಿಕೊಂಡವು. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೋಗಿ ನೋಡಿದಾಗ, ಆರೋಗ್ಯ ಸೌಲಭ್ಯವಿಲ್ಲದೆ ಉಪಗುತ್ತಿಗೆಯ ಕೋಣೆಗಳಲ್ಲಿ ದುಡಿಯುವವರು ಇನ್ನೂ ಇದ್ದರು. ಬಿಲ್‌ನಲ್ಲಿ ಇರುವುದು ರಫ್ತುದಾರನ ಹೆಸರು. ಸೂಜಿ ಹಿಡಿದವರು ಅಲ್ಲಿ ಕಾಣುವುದಿಲ್ಲ.

ಹಣ ಯಾರ ಕೈಯಿಂದ

ಕಾನೂನುಗಳು ಬಿಗಿಯಾಗುತ್ತಿವೆ. ಚೀನಾದ ಷಿನ್‌ಜಿಯಾಂಗ್‌ನ ಬಲವಂತದ ದುಡಿಮೆಯನ್ನು ತಡೆಯಲು ಅಮೆರಿಕ 2022ರ ಜೂನ್ 21ರಿಂದ ಜಾರಿಗೆ ತಂದ ಕಾಯಿದೆಯಲ್ಲಿ, ಅಲ್ಲಿನ ಹತ್ತಿ ಇಲ್ಲ ಎಂದು ಸಾಬೀತುಪಡಿಸುವ ಹೊಣೆ ಆಮದುದಾರನ ಮೇಲಿದೆ. ಆತ ಅದನ್ನು ಭಾರತದ ರಫ್ತುದಾರನ ಹೆಗಲಿಗೆ ದಾಟಿಸುತ್ತಾನೆ. ಫ್ರಾನ್ಸ್ 2023ರಿಂದ ದೊಡ್ಡ ಕಂಪನಿಗಳಿಗೆ ನೇಯ್ಗೆ, ಬಣ್ಣ, ಹೊಲಿಗೆ ಯಾವ ಯಾವ ದೇಶದಲ್ಲಿ ಆಯಿತೆಂದು ತಿಳಿಸಲು ಹೇಳಿದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಯುರೋಪಿನ ಇಕೋಡಿಸೈನ್ ನಿಯಮಾವಳಿ ವಸ್ತುಗಳಿಗೆ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ವಸ್ತುವಿನ ವಿವರಗಳನ್ನು ಹೊತ್ತ ವಿದ್ಯುನ್ಮಾನ ದಾಖಲೆ, ತರಲಿದೆ. ಬಟ್ಟೆಬರೆ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಇಲ್ಲಿ, ಬಾಂದ್ರಾ ಕುರ್ಲಾ ಸಂಕೀರ್ಣದ ಷೇರುಪೇಟೆ ನಿಯಂತ್ರಕ ಸೆಬಿ, ಪಟ್ಟಿಯಾದ ಅಗ್ರ ಸಾವಿರ ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ನೀಡುವುದನ್ನು 2022-23ರಿಂದ ಕಡ್ಡಾಯ ಮಾಡಿತು, ಆದರೆ ಪೂರೈಕೆದಾರರ ವಿವರ ಕೊಡುವ ಭಾಗವನ್ನು ಮುಂದೆ ಸಡಿಲಿಸಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಪರಿಸರದ ಹೆಸರಿನ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’ ಎಂದರೆ ಆಧಾರ ತೋರಿಸಬೇಕು.

ಇವೆಲ್ಲವುಗಳ ಬೆಲೆ ಎಲ್ಲಿ ಬೀಳುತ್ತದೆ ನೋಡಿ. ಪ್ರಮಾಣಪತ್ರದ ಶುಲ್ಕ, ಲೆಕ್ಕಪರಿಶೋಧಕರ ಭೇಟಿ, ಸಾಫ್ಟ್‌ವೇರಿನ ವಾರ್ಷಿಕ ಚಂದಾ, ಪ್ರಯೋಗಾಲಯದ ಬಿಲ್, ಮತ್ತು ನಾಲ್ಕು ಬ್ರ್ಯಾಂಡಿನ ನಾಲ್ಕು ಬಗೆಯ ನಮೂನೆ ತುಂಬುವ ಗುಮಾಸ್ತನ ಸಂಬಳ ಹೆಚ್ಚಿನ ಸಲ ಪೂರೈಕೆದಾರನವೇ. ಅದೇ ಬ್ರ್ಯಾಂಡಿನ ಖರೀದಿ ವಿಭಾಗ ಅದೇ ವಾರ ಪ್ರತಿ ಅಂಗಿಗೆ ಇಷ್ಟು ಬೆಲೆ ಇಳಿಸಿ ಎಂದು ಪತ್ರ ಬರೆಯುತ್ತದೆ. ಸುಸ್ಥಿರತೆಯ ವಿಭಾಗ ಮತ್ತು ಖರೀದಿ ವಿಭಾಗ ಒಂದೇ ಕಟ್ಟಡದಲ್ಲಿದ್ದರೂ ಒಬ್ಬರ ಗುರಿ ಇನ್ನೊಬ್ಬರ ಗುರಿಯನ್ನು ಕಡಿಯುತ್ತದೆ. ಆರ್ಡರ್ ಕೊನೆಯ ಗಳಿಗೆಯಲ್ಲಿ ಬದಲಾಗಿ ಹತ್ತು ದಿನ ಕಡಿಮೆಯಾದರೆ ಕಾರ್ಖಾನೆ ಕೆಲಸವನ್ನು ಹೊರಗೆ ಕೊಡುತ್ತದೆ. ಹಾಗೆ ಕೊಟ್ಟ ಕೂಡಲೇ ಜಾಡು ಮುರಿಯುತ್ತದೆ.

ಸುಧಾರಣೆಗೂ ಬೆಲೆಯಿದೆ. ನೊಯ್ಯಲ್ ನದಿಯನ್ನು ಹಾಳುಗೆಡವಿದ್ದಕ್ಕೆ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಆದೇಶಿಸಿತು. ಮತ್ತೆ ತೆರೆದವರು ಒಂದು ಹನಿ ಕೊಳಕು ನೀರನ್ನೂ ಹೊರಗೆ ಬಿಡದ ಶುದ್ಧೀಕರಣ ವ್ಯವಸ್ಥೆ ಕಟ್ಟಬೇಕಾಯಿತು. ಅದು ವಿದ್ಯುತ್ತನ್ನೂ ಇಂಧನವನ್ನೂ ಧಾರಾಳವಾಗಿ ಬೇಡುತ್ತದೆ. ಅಂಥ ಬಣ್ಣಕ್ಕೆ ಹೆಚ್ಚು ಕೊಡಲೊಪ್ಪದ ಬ್ರ್ಯಾಂಡ್ ಅಗ್ಗದ ಘಟಕ ಹುಡುಕಿಕೊಂಡು ಹೋದರೆ, ಮೋಸ ಹೋದದ್ದು ನಿಯಮ ಪಾಲಿಸಿದವನು.

ಹಾಗಾಗಿ ಒಂದು ಕಂಪನಿಯ ಸುಸ್ಥಿರತೆಯ ಕಾರ್ಯತಂತ್ರವನ್ನು ಅಳೆಯಲು ನಾನು ಅದರ ಹೊಳೆಯುವ ವರದಿಯನ್ನು ಬದಿಗಿಟ್ಟು ಖರೀದಿ ಒಪ್ಪಂದವನ್ನು ನೋಡುತ್ತೇನೆ. ನೂಲಿನ ಗಿರಣಿ ಯಾವುದೆಂದು ಬ್ರ್ಯಾಂಡೇ ಗೊತ್ತುಮಾಡಿದೆಯೇ? ರೈತಗುಂಪಿನಿಂದ ಬಿತ್ತನೆಗೆ ಮೊದಲೇ ಇಷ್ಟು ಹತ್ತಿ ಕೊಳ್ಳುತ್ತೇನೆಂದು ಮಾತು ಕೊಟ್ಟಿದೆಯೇ? ಆ ಮಾತು ಒಂದೇ ಋತುವಿಗಲ್ಲದೆ ಹಲವು ವರ್ಷಕ್ಕಿದೆಯೇ? ಜಾಡಿನ ಖರ್ಚು ಬೆಲೆಯಲ್ಲಿ ಸೇರಿದೆಯೇ? ಈ ನಾಲ್ಕಕ್ಕೂ ಹೌದು ಎನ್ನುವ ಒಪ್ಪಂದಗಳು ಕಡಿಮೆ, ಆದರೆ ಇವೆ. ಅಂಥ ಕಡೆ ಕಾಲಂಗಳು ತುಂಬಿ ಬರುತ್ತವೆ.

ತಂತ್ರಜ್ಞಾನದ ಕೊರತೆ ಎಂದು ನನಗೆ ಅನಿಸುವುದಿಲ್ಲ. ಅರ್ಧ ಜಾಡು ಆಗಲೇ ನಮ್ಮ ಕಾಗದಗಳಲ್ಲಿದೆ. ಪ್ರತಿ ಬೇಲ್ ಮೇಲೆ ಪ್ರೆಸ್ಸಿನ ಗುರುತು ಮತ್ತು ಪಿ.ಆರ್. ನಂಬರ್ ಎಂಬ ಕ್ರಮಸಂಖ್ಯೆ ಇರುತ್ತದೆ. ರೈತನಿಂದ ಹತ್ತಿ ಕೊಂಡಾಗ ಜಿಎಸ್‌ಟಿ ಕಟ್ಟುವ ಹೊಣೆ 2017ರ ನವೆಂಬರಿನಿಂದ ಕೊಂಡ ನೋಂದಾಯಿತ ವ್ಯಾಪಾರಿಯದು, ಆದ್ದರಿಂದ ಅಲ್ಲಿಯೂ ಲೆಕ್ಕವಿದೆ. 2018ರಿಂದ ಇ-ವೇ ಬಿಲ್ ಸರಕು ಯಾವ ಊರಿನಿಂದ ಯಾವ ಊರಿಗೆ ಹೋಯಿತೆಂದು ಬರೆದಿಡುತ್ತಿದೆ. ನೂಲಿನ ಕೋನ್ ಮೇಲೆ ಅದು ಯಾವ ತಂಡದಲ್ಲಿ ತಯಾರಾಯಿತೆಂದು ಹೇಳುವ ಲಾಟ್ ನಂಬರ್ ಇದೆ. ಆ ನಂಬರ್ ಕಾಣೆಯಾಗುವುದು ನೂಲಿನ ವ್ಯಾಪಾರಿ, ಮಗ್ಗದವನು, ಗ್ರೇ ಬಟ್ಟೆಯ (ಇನ್ನೂ ಬಣ್ಣ ಹಾಕದ ಬಟ್ಟೆಯ) ವ್ಯಾಪಾರಿ ಇವರ ನಡುವೆ. ಚಲನ್‌ನಲ್ಲಿ ಮೀಟರ್ ಇರುತ್ತದೆ, ನೂಲಿನ ಸಣ್ಣತನ ಹೇಳುವ ಕೌಂಟ್ ಇರುತ್ತದೆ, ಲಾಟ್ ಇರುವುದಿಲ್ಲ.

ಇಚಲಕರಂಜಿಯಲ್ಲಿ ನಮ್ಮ ಕಚೇರಿಗೆ ಬಟ್ಟೆ ನೇಯ್ದು ಕೊಡುವವರೊಬ್ಬರು ಕನ್ನಡದವರು, ಮಗ್ಗದ ಮನೆತನದವರು. ಚಲನ್‌ನಲ್ಲಿ ನೂಲಿನ ಲಾಟ್ ನಂಬರ್ ಬರೆಯಿರಿ ಎಂದು ಕೇಳಿದಾಗ ಅವರು ತಕ್ಷಣ ಒಪ್ಪಲಿಲ್ಲ. ಲಾಟ್ ಹೇಳಿದರೆ ನೂಲಿನ ಗಿರಣಿ ಗೊತ್ತಾಗುತ್ತದೆ; ಗಿರಣಿ ಗೊತ್ತಾದರೆ ಖರೀದಿದಾರ ನೇರವಾಗಿ ಅಲ್ಲಿಂದ ನೂಲು ತರಿಸಿ, ತಮ್ಮನ್ನು ಬರೀ ಕೂಲಿ ನೇಯ್ಗೆಗೆ ಇಳಿಸುತ್ತಾನೆ ಎಂಬುದು ಅವರ ಆತಂಕ. ಹಾಗೆ ಆದದ್ದನ್ನು ಅವರು ಅಕ್ಕಪಕ್ಕದ ಶೆಡ್‌ಗಳಲ್ಲಿ ನೋಡಿದ್ದಾರೆ. “ಸಾಹೇಬರೇ, ನಂಬರ್ ಬರೆಯಲು ನನ್ನ ಅಡ್ಡಿ ಇಲ್ಲ. ಮೂರು ವರ್ಷದ ಆರ್ಡರ್ ಬರೆದುಕೊಡಿ, ನಾಳೆಯಿಂದಲೇ ಬರೆಯುತ್ತೇನೆ” ಎಂದರು. ಅದು ನ್ಯಾಯವಾದ ಬೇಡಿಕೆ ಎಂದು ನಾನು ನಂಬುತ್ತೇನೆ, ಖರೀದಿ ವಿಭಾಗಕ್ಕೆ ಹಾಗೆಯೇ ಬರೆದು ಕಳುಹಿಸಿದ್ದೇನೆ.